ಕುಶಾದಾಸಿಯಲ್ಲಿ ಹಡಗಿನಿಂದ ಇಳಿದು ಎಫೆಸಸ್ ನೋಡುವುದಕ್ಕೆ ಖಾಸಗಿ ಗೈಡ್ ಬೇಕೇ?

ಏಜಿಯನ್ ಸಮುದ್ರದ ಕ್ರೂಸ್ ಹೊರಟಿರುವ ನಿಮ್ಮ ಹಡಗು ಟರ್ಕಿಯ ಕುಶಾದಾಸಿಯಲ್ಲಿ ಒಂದು ಹಗಲು ಮಾತ್ರ ನಿಲ್ಲುತ್ತದೆ, ಜೊತೆಯಲ್ಲಿ ವಯಸ್ಸಾದ ತಂದೆ ತಾಯಿ ಇದ್ದಾರೆ, ಪ್ರಾಚೀನ ಗ್ರೀಕ್-ರೋಮನ್ ನಗರವಾದ ಎಫೆಸಸ್‌ನ ಅವಶೇಷಗಳನ್ನು ನೋಡಲು ಹಡಗಿನವರ ಬಸ್ ಪ್ರವಾಸಕ್ಕೆ ಹೆಸರು ಕೊಡಬೇಕೋ ಅಥವಾ ಖಾಸಗಿ ಗೈಡ್ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕೋ ಎಂದು ಕೇಳಿದ್ದೀರಿ. ಎಫೆಸಸ್ಸನ್ನು ಖಾಸಗಿ ಗೈಡ್ ಜೊತೆಗೆ ನೋಡಿದವನಾಗಿ ನಾನು ಹೇಳುವುದಾದರೆ, ಖಾಸಗಿ ಗೈಡ್ ಅನ್ನೇ ಆರಿಸಿಕೊಳ್ಳಿ. ಆದರೆ ಆ ಹಣ ಸಾರ್ಥಕವಾಗಬೇಕಾದರೆ ಯಾವುದನ್ನು ನೋಡದೆ ಬಿಡುತ್ತೀರಿ ಎಂಬುದನ್ನು ಹೊರಡುವ ಮೊದಲೇ ನೀವೇ ತೀರ್ಮಾನಿಸಿರಬೇಕು. ಏಕೆಂದರೆ ಬಸ್ಸಿನವರು ತೋರಿಸುವ ಏಳೆಂಟು ಸ್ಥಳಗಳ ಪಟ್ಟಿಯನ್ನೇ ಸಣ್ಣ ವ್ಯಾನಿನಲ್ಲಿ ಕುಳಿತು ಮುಗಿಸುವುದಾದರೆ ಹೆಚ್ಚು ಹಣ ಕೊಟ್ಟು ಪಡೆದದ್ದು ಮೆತ್ತನೆಯ ಆಸನವನ್ನಷ್ಟೇ ಎಂದಾಗುತ್ತದೆ.

ಮೊದಲು ಸಮಯದ ಲೆಕ್ಕ. ಕುಶಾದಾಸಿಯಲ್ಲಿ ಹಡಗುಗಳು ನೇರವಾಗಿ ಬಂದರಿನ ಧಕ್ಕೆಗೇ ಬಂದು ನಿಲ್ಲುವುದರಿಂದ ದೋಣಿಗಾಗಿ ಕಾಯುವ ತಾಪತ್ರಯ ಇರುವುದಿಲ್ಲ. ಅಲ್ಲಿಂದ ಎಫೆಸಸ್ ಸುಮಾರು 20 ಕಿಲೋಮೀಟರ್, ವಾಹನದಲ್ಲಿ ಅರ್ಧ ಗಂಟೆಯ ದಾರಿ. ಖಾಸಗಿ ಪ್ರವಾಸದ ಬಗ್ಗೆ ಇರುವ ನಿಜವಾದ ಭಯ ಒಂದೇ: ಹಡಗಿನವರೇ ನಡೆಸುವ ಪ್ರವಾಸದ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ನೀವಾಗಿ ಗೊತ್ತುಮಾಡಿಕೊಂಡ ವ್ಯಾನ್ ತಡವಾದರೆ ಕಾಯುವುದಿಲ್ಲ. ಬಂದರು ಹತ್ತಿರವೇ ಇರುವುದರಿಂದ ಎಫೆಸಸ್ ಮಟ್ಟಿಗೆ ಈ ಅಪಾಯ ಬಹಳ ಕಡಿಮೆ. ಆದರೂ ಎಲ್ಲರೂ ಹಡಗಿನೊಳಗೆ ಇರಬೇಕೆಂದು ಪ್ರಕಟಿಸಿದ ಹೊತ್ತಿಗಿಂತ ಒಂದೂವರೆ ಗಂಟೆ ಮೊದಲೇ ಬಂದರಿಗೆ ಮರಳುವಂತೆ ಗೈಡ್‌ಗೆ ಬರವಣಿಗೆಯಲ್ಲಿ ತಿಳಿಸಿರಿ. ಇನ್ನೊಂದು ಸೂಕ್ಷ್ಮವೂ ಇದೆ. ಟರ್ಕಿ 2016ರಿಂದ ಗಡಿಯಾರವನ್ನು ಬದಲಿಸುವ ಪದ್ಧತಿಯನ್ನು ಕೈಬಿಟ್ಟಿದೆ, ಗ್ರೀಸ್ ಬಿಟ್ಟಿಲ್ಲ. ಆದ್ದರಿಂದ ಬೇಸಿಗೆಯಲ್ಲಿ ಎರಡೂ ದೇಶಗಳ ಸಮಯ ಒಂದೇ ಆಗಿದ್ದರೂ ಅಕ್ಟೋಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಒಂದು ಗಂಟೆಯ ಅಂತರವಿರುತ್ತದೆ. ಗ್ರೀಕ್ ದ್ವೀಪಗಳಿಂದ ಬರುವ ಹಡಗಿನೊಳಗಿನ ಗಡಿಯಾರ ಯಾವ ಸಮಯವನ್ನು ಅನುಸರಿಸುತ್ತದೆ ಎಂಬುದನ್ನು ಹಿಂದಿನ ರಾತ್ರಿಯೇ ಕೇಳಿಕೊಂಡು, ಗೈಡ್‌ನೊಂದಿಗೆ ಮಾತನಾಡುವಾಗ ಸ್ಥಳೀಯ ಸಮಯವನ್ನೇ ಹೇಳಿ. ವೀಸಾ ವಿಷಯವನ್ನು ಟಿಕೆಟ್ ಕಾದಿರಿಸುವಾಗಲೇ ಹಡಗಿನ ಕಂಪನಿಯವರಲ್ಲಿ ಕೇಳಿ ಖಚಿತಪಡಿಸಿಕೊಳ್ಳಿ.

ಟರ್ಕಿಯಲ್ಲಿ ಗೈಡ್ ಕೆಲಸಕ್ಕೆ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಕಡ್ಡಾಯ. ಪರವಾನಗಿ ಇರುವವರು 'ಕೊಕಾರ್ಟ್' ಎಂದು ಕರೆಯುವ ಗುರುತಿನ ಚೀಟಿಯನ್ನು ಕೊರಳಲ್ಲಿ ಧರಿಸಿರುತ್ತಾರೆ. ಪ್ರವಾಸವನ್ನು ಮಾರುವ ಏಜೆನ್ಸಿಯೂ ಟುರ್ಸಾಬ್ ಎಂಬ ಪ್ರವಾಸ ಏಜೆನ್ಸಿಗಳ ಸಂಘದಲ್ಲಿ ನೋಂದಾಯಿತವಾಗಿರಬೇಕು. ಬಂದರಿನ ಬಾಗಿಲಲ್ಲಿ ನಿಂತು ಕರೆಯುವವರ ಜೊತೆ ಹೋಗುವ ಬದಲು ಈ ಎರಡನ್ನೂ ನೋಡಿಕೊಂಡು ಮೊದಲೇ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ದರವನ್ನು ಸಾಮಾನ್ಯವಾಗಿ ಯೂರೋದಲ್ಲಿ ಹೇಳುತ್ತಾರೆ, ಮತ್ತು ಗೈಡ್ ಹಾಗೂ ವಾಹನದ ದರವನ್ನು ಹೆಚ್ಚಾಗಿ ಇಡೀ ತಂಡಕ್ಕೆ ಸೇರಿಸಿ ಹೇಳುವುದರಿಂದ ನಾಲ್ಕೈದು ಜನ ಇದ್ದರೆ ಹಡಗಿನ ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ ಬಹಳ ತಗ್ಗುತ್ತದೆ. ಪ್ರವೇಶ ಟಿಕೆಟ್ ಆ ದರದಲ್ಲಿ ಸೇರಿದೆಯೇ ಎಂದು ಸ್ಪಷ್ಟವಾಗಿ ಕೇಳಿ. ಅದಕ್ಕಿಂತ ಮುಖ್ಯವಾದ ಮಾತೆಂದರೆ ಕಾರ್ಪೆಟ್ ಅಂಗಡಿ. ಕುಶಾದಾಸಿ ಸುತ್ತಿನ ಪ್ರವಾಸಗಳಲ್ಲಿ ಕಾರ್ಪೆಟ್ ನೇಯುವುದನ್ನು ತೋರಿಸುತ್ತೇವೆಂದು ಒಂದು ಮಳಿಗೆಯೊಳಗೆ ಕೂರಿಸಿ, ಚಹಾ ಕೊಟ್ಟು, ಒಂದಾದ ಮೇಲೊಂದು ಕಾರ್ಪೆಟ್ ಹಾಸುತ್ತಾ ಹೋಗುವ ರೂಢಿ ಬಹಳ ಹಳೆಯದು. ನೇಯ್ಗೆ ನಿಜಕ್ಕೂ ಸುಂದರವಾದದ್ದೇ. ಆದರೆ ಅಲ್ಲಿ ಕಳೆದ ಮುಕ್ಕಾಲು ಗಂಟೆ ಪ್ರಾಚೀನ ನಗರದ ಪಾಲಿನಿಂದ ಕಡಿತವಾಗುತ್ತದೆ. 'ಯಾವ ಅಂಗಡಿಗೂ ಹೋಗುವುದಿಲ್ಲ' ಎಂದು ಮೊದಲ ಇಮೇಲ್‌ನಲ್ಲೇ ಬರೆದುಬಿಡಿ. ಒಳ್ಳೆಯ ಗೈಡ್‌ಗಳು ಅದಕ್ಕೆ ಬೇಸರಪಡುವುದಿಲ್ಲ.

ಈಗ ಎಫೆಸಸ್ ಒಳಗಿನ ವಿಷಯಕ್ಕೆ ಬರುತ್ತೇನೆ. ನಗರಕ್ಕೆ ಎರಡು ಪ್ರವೇಶದ್ವಾರಗಳಿವೆ, ಒಂದು ಬೆಟ್ಟದ ಮೇಲ್ಭಾಗದಲ್ಲಿ, ಇನ್ನೊಂದು ಕೆಳಗೆ. ವ್ಯಾನ್ ನಿಮ್ಮನ್ನು ಮೇಲಿನ ದ್ವಾರದಲ್ಲಿ ಇಳಿಸಿ ಕೆಳಗಿನ ದ್ವಾರದಲ್ಲಿ ಕಾಯುವುದರಿಂದ ಇಡೀ ನಗರವನ್ನು ಇಳಿಜಾರಿನಲ್ಲೇ ನಡೆದು ನೋಡಬಹುದು. ನಿಮ್ಮ ತಂದೆ ತಾಯಿಯ ಮಟ್ಟಿಗೆ ಇದೊಂದೇ ಅನುಕೂಲ ಖಾಸಗಿ ವಾಹನದ ಖರ್ಚಿನ ದೊಡ್ಡ ಪಾಲನ್ನು ತೀರಿಸಿಬಿಡುತ್ತದೆ. ಸಾಧ್ಯವಾದಷ್ಟು ಬೇಗ ಹಡಗಿನಿಂದ ಇಳಿಯಿರಿ. ಬೆಳಿಗ್ಗೆ ಹತ್ತರ ಹೊತ್ತಿಗೆ ಬಸ್ಸುಗಳೆಲ್ಲ ಬಂದು ಸೇರಿ, ನಗರದ ಮುಖ್ಯ ಬೀದಿಯಾದ ಕ್ಯುರೆಟೀಸ್ ಬೀದಿಯಲ್ಲಿ ಜನರ ತಲೆಗಳ ಮೇಲಿಂದ ಕಂಬಗಳನ್ನು ನೋಡಬೇಕಾಗುತ್ತದೆ.

ಆ ಬೀದಿಯ ತುದಿಯಲ್ಲಿರುವ ಸೆಲ್ಸಸ್ ಗ್ರಂಥಾಲಯದ ಚಿತ್ರವನ್ನು ನೀವು ಖಂಡಿತ ನೋಡಿರುತ್ತೀರಿ. ರೋಮನ್ ಆಳ್ವಿಕೆಯಲ್ಲಿ ಏಷ್ಯಾ ಪ್ರಾಂತ್ಯದ ಅಧಿಪತಿಯಾಗಿದ್ದ ಸೆಲ್ಸಸ್‌ನ ಸ್ಮರಣೆಗಾಗಿ ಅವನ ಮಗ ಅಕ್ವಿಲಾ ಕ್ರಿ.ಶ. 2ನೇ ಶತಮಾನದ ಆರಂಭದಲ್ಲಿ ಇದನ್ನು ಕಟ್ಟಿಸತೊಡಗಿದನು. ತಂದೆಯ ಶವವಿಟ್ಟ ಶಿಲಾಪೇಟಿಕೆ ಕಟ್ಟಡದ ಅಡಿಯಲ್ಲೇ ಇದೆ. ಊರೊಳಗೆ ಶವಸಂಸ್ಕಾರ ಮಾಡದಿದ್ದ ಕಾಲದಲ್ಲಿ ಅದು ಅಪರೂಪದ ಗೌರವವಾಗಿತ್ತು. ಇಂದು ಕಾಣುವ ಮುಂಭಾಗವು ನೆಲದಲ್ಲಿ ಚದುರಿ ಬಿದ್ದಿದ್ದ ತುಂಡುಗಳಿಂದ 1970ರ ದಶಕದಲ್ಲಿ ಆಸ್ಟ್ರಿಯಾದ ತಜ್ಞರು ಮತ್ತೆ ಎತ್ತಿ ನಿಲ್ಲಿಸಿದ್ದು. ಅದರ ಮುಂದೆ ಫೋಟೋ ತೆಗೆದು ಮುಂದಕ್ಕೆ ಹೋಗುವ ಗುಂಪುಗಳು ತಪ್ಪಿಸಿಕೊಳ್ಳುವ ಸಂಗತಿಯೊಂದಿದೆ. ಇಕ್ಕಟ್ಟಾದ ಜಾಗದಲ್ಲಿ ಕಟ್ಟಬೇಕಾಗಿದ್ದುದರಿಂದ ಶಿಲ್ಪಿಗಳು ಅಡಿಪಾಯದ ಸಾಲನ್ನು ನಡುವೆ ತುಸು ಉಬ್ಬುವಂತೆ ಮಾಡಿ, ನಡುವಿನ ಕಂಬಗಳನ್ನು ಮತ್ತು ಅವುಗಳ ಬೋದಿಗೆಗಳನ್ನು ಅಂಚಿನವುಗಳಿಗಿಂತ ದೊಡ್ಡದಾಗಿ ಕಡೆದಿದ್ದಾರೆ. ಇದರಿಂದ ಅಂಚುಗಳು ದೂರ ಸರಿದಂತೆ ತೋರಿ, ಕಟ್ಟಡ ಇರುವುದಕ್ಕಿಂತ ಅಗಲವಾಗಿ ಕಾಣುತ್ತದೆ. ನಮ್ಮ ಗೈಡ್ ನಮ್ಮನ್ನು ಮೊದಲು ಎದುರಿಗೆ ನಿಲ್ಲಿಸಿ, ಆಮೇಲೆ ಒಂದು ಬದಿಗೆ ಕರೆದೊಯ್ದು ಕಂಬಗಳ ಬುಡಗಳನ್ನು ಹೋಲಿಸಿ ನೋಡಲು ಹೇಳಿದರು. ಆ ನಂತರ ಮತ್ತೆ ಎದುರಿಗೆ ಬಂದು ನಿಂತಾಗ ಅದೇ ಕಟ್ಟಡ ಬೇರೆಯಾಗಿ ಕಂಡಿತು. ಮೆಟ್ಟಿಲುಗಳ ಮೇಲೆ ಯಾರೋ ಗೀರಿದ ಯಹೂದ್ಯರ ಏಳು ಕವಲಿನ ದೀಪಸ್ತಂಭದ ಗುರುತೊಂದಿದೆ, ಅದನ್ನೂ ತೋರಿಸಲು ಕೇಳಿ. ಗ್ರಂಥಾಲಯ ಪೂರ್ವಕ್ಕೆ ಮುಖಮಾಡಿರುವುದರಿಂದ ಬೆಳಗಿನ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ, ಬೇಗ ಹೋಗಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಬಸ್ ಪ್ರವಾಸಗಳು ಹೆಚ್ಚಾಗಿ ಬಿಟ್ಟುಬಿಡುವ, ನನ್ನ ಅಭಿಪ್ರಾಯದಲ್ಲಿ ಎಫೆಸಸ್‌ನ ಅತ್ಯಂತ ಅಮೂಲ್ಯವಾದ ಭಾಗವೆಂದರೆ ಕ್ಯುರೆಟೀಸ್ ಬೀದಿಯ ಪಕ್ಕದ ಇಳಿಜಾರಿನಲ್ಲಿರುವ ಟೆರೇಸ್ ಮನೆಗಳು. ಇವುಗಳಿಗೆ ಪ್ರತ್ಯೇಕ ಟಿಕೆಟ್ ಕೊಳ್ಳಬೇಕಾಗಿರುವುದರಿಂದ ಗುಂಪಿನ ಪ್ರವಾಸಗಳಲ್ಲಿ ಇವು ಸಾಮಾನ್ಯವಾಗಿ ಸೇರಿರುವುದಿಲ್ಲ. ರೋಮನ್ ಕಾಲದ ಸಿರಿವಂತರು ವಾಸವಾಗಿದ್ದ ಈ ಮನೆಗಳು 3ನೇ ಶತಮಾನದ ಭೂಕಂಪದಲ್ಲಿ ಹೂತುಹೋದದ್ದರಿಂದಲೇ ಉಳಿದುಕೊಂಡಿವೆ. ಈಗ ಇಡೀ ಪ್ರದೇಶಕ್ಕೆ ದೊಡ್ಡ ಚಾವಣಿ ಹೊದಿಸಿ, ಎತ್ತರದಲ್ಲಿ ನಡೆದಾಡಲು ಸೇತುವೆಯಂತಹ ದಾರಿ ಮಾಡಿದ್ದಾರೆ. ಕೆಳಗೆ ಬಣ್ಣ ಮಾಸದ ಗೋಡೆಚಿತ್ರಗಳು, ಮೊಸಾಯಿಕ್ ನೆಲಗಳು, ನೀರು ಹರಿಯಲು ಅಳವಡಿಸಿದ ಸುಟ್ಟಮಣ್ಣಿನ ಕೊಳವೆಗಳು ಕಾಣುತ್ತವೆ. ಗೋಡೆಗಳ ಮೇಲೆ ಮನೆಮಂದಿ ಗೀಚಿಟ್ಟ ಬರಹಗಳು ಸಿಕ್ಕಿವೆ, ಅವುಗಳಲ್ಲಿ ಕೊಂಡುತಂದ ಸಾಮಾನುಗಳ ಬೆಲೆಪಟ್ಟಿಗಳೂ ಇವೆ. ಅರಸರ ಮತ್ತು ಅಧಿಪತಿಗಳ ಹೆಸರು ಕೊರೆದ ಶಾಸನಗಳನ್ನು ಬೀದಿಯುದ್ದಕ್ಕೂ ನೋಡಿ ಬಂದವರಿಗೆ, ದಿನದ ಖರ್ಚನ್ನು ಗೋಡೆಯ ಮೇಲೆ ಬರೆದುಕೊಂಡ ಒಬ್ಬ ಮನುಷ್ಯ ಇಲ್ಲಿ ಎದುರಾಗುತ್ತಾನೆ. ಒಂದು ಭಾಗದಲ್ಲಿ ಉದ್ದನೆಯ ಮೇಜುಗಳ ಮೇಲೆ ಒಡೆದ ಅಮೃತಶಿಲೆಯ ಚೂರುಗಳನ್ನು ಸಾಲಾಗಿ ಹರವಿದ್ದರು. ಗೋಡೆಗೆ ಹೊದಿಸಿದ್ದ ಹಲಗೆಗಳ ತುಣುಕುಗಳನ್ನು ಗೆರೆಗೆ ಗೆರೆ ಸೇರಿಸಿ ಮತ್ತೆ ಜೋಡಿಸುವ ಕೆಲಸ ಅದು. 1895ರಿಂದ ಆಸ್ಟ್ರಿಯನ್ನರು ಇಲ್ಲಿ ನಡೆಸಿಕೊಂಡು ಬಂದಿರುವ ಉತ್ಖನನ ಎಷ್ಟು ತಾಳ್ಮೆಯನ್ನು ಬೇಡುತ್ತದೆ ಎಂಬುದು ಆ ಮೇಜುಗಳ ಮುಂದೆ ನಿಂತಾಗ ತಿಳಿಯುತ್ತದೆ. ಇದಕ್ಕೆ ಕನಿಷ್ಠ ಮುಕ್ಕಾಲು ಗಂಟೆ ಮೀಸಲಿಡಿ. ಒಳಗೆ ಮೆಟ್ಟಿಲುಗಳು ಬಹಳ ಇವೆ, ಆದ್ದರಿಂದ ಹಿರಿಯರಿಗೆ ಮಂಡಿನೋವು ಇದ್ದರೆ ಒಬ್ಬರು ಅವರ ಜೊತೆ ಗ್ರಂಥಾಲಯದ ಬಳಿಯ ನೆರಳಿನಲ್ಲಿ ಕುಳಿತು, ಉಳಿದವರು ಹೋಗಿ ಬರುವಂತೆ ಏರ್ಪಾಡು ಮಾಡಿಕೊಳ್ಳಿ.

ಒಳ್ಳೆಯ ಗೈಡ್ ಯಾರು ಎಂಬುದನ್ನು ತಿಳಿಯುವುದಕ್ಕೆ ನನಗೆ ಗೊತ್ತಿರುವ ಪರೀಕ್ಷೆಯೆಂದರೆ, ಕಥೆಗೂ ಚರಿತ್ರೆಗೂ ನಡುವಿನ ಗೆರೆಯನ್ನು ಅವರು ತಾವಾಗಿಯೇ ಎಳೆಯುತ್ತಾರೆಯೇ ಎಂದು ಗಮನಿಸುವುದು. ಮಾರ್ಬಲ್ ಬೀದಿಯ ಕಲ್ಲಿನ ಮೇಲೆ ಒಂದು ಪಾದದ ಗುರುತು ಮತ್ತು ಹೆಣ್ಣಿನ ಚಿತ್ರವಿದೆ. ಅದು ವೇಶ್ಯಾಗೃಹದ ಜಾಹೀರಾತು ಎಂದು ಪ್ರತಿ ಗುಂಪಿಗೂ ಹೇಳಲಾಗುತ್ತದೆ, ಆದರೆ ಅದಕ್ಕೆ ಗಟ್ಟಿಯಾದ ಆಧಾರವಿಲ್ಲ. ಹಾಗೆಯೇ ಕ್ಯುರೆಟೀಸ್ ಬೀದಿಯಲ್ಲಿ ಎಂಟು ಮೂಲೆಯ ಸಮಾಧಿಯೊಂದಿದೆ. ಕ್ರಿ.ಪೂ. 41ರಲ್ಲಿ ಎಫೆಸಸ್‌ನಲ್ಲಿ ಕೊಲೆಯಾದ, ಕ್ಲಿಯೋಪಾತ್ರಳ ತಂಗಿ ಆರ್ಸಿನೋಯೆಯ ಸಮಾಧಿ ಅದು ಎಂದು ಬಹುಕಾಲ ಊಹಿಸಲಾಗಿತ್ತು. 2025ರಲ್ಲಿ ಪ್ರಕಟವಾದ ಅಧ್ಯಯನವು ಅಲ್ಲಿ ಸಿಕ್ಕ ತಲೆಬುರುಡೆ ಒಬ್ಬ ಬಾಲಕನದ್ದು ಎಂದು ತೋರಿಸಿತು. ಆ ಸಮಾಧಿಯ ಬಗ್ಗೆ ಒಂದು ಪ್ರಶ್ನೆ ಕೇಳಿ ನೋಡಿ. ಉತ್ತರ ಹೇಗಿದ್ದರೂ ನಿಮ್ಮ ಗೈಡ್ ಎಂತಹವರು ಎಂಬುದು ಗೊತ್ತಾಗುತ್ತದೆ.

ಕೆಳಗೆ ಸುಮಾರು 25,000 ಜನ ಕೂರಬಹುದಾಗಿದ್ದ ಮಹಾ ರಂಗಮಂದಿರವಿದೆ. ಆರ್ಟೆಮಿಸ್ ದೇವಿಯ ಬೆಳ್ಳಿಯ ಗುಡಿಗಳನ್ನು ಮಾಡಿ ಮಾರುತ್ತಿದ್ದ ಅಕ್ಕಸಾಲಿಗರು ಕ್ರೈಸ್ತ ಧರ್ಮಪ್ರಚಾರಕ ಪೌಲನ ಬೋಧನೆಯಿಂದ ತಮ್ಮ ಕಸುಬು ಹಾಳಾಗುತ್ತದೆಂದು ದಂಗೆಯೆದ್ದು ಜನರನ್ನು ಕೂಡಿಸಿದರೆಂದು ಬೈಬಲ್ಲಿನಲ್ಲಿ ಹೇಳಿರುವುದು ಇಲ್ಲಿಯೇ. ರಂಗಮಂದಿರದಿಂದ ನೇರವಾಗಿ ಹೊರಡುವ ಅಗಲವಾದ ಕಂಬಗಳ ಬೀದಿ ಬಂದರಿಗೆ ಹೋಗುತ್ತಿತ್ತು. ಇಂದು ಆ ಬೀದಿಯ ಕೊನೆಯಲ್ಲಿ ಇರುವುದು ಜೌಗು ನೆಲ, ಸಮುದ್ರ ಹಲವು ಕಿಲೋಮೀಟರ್ ಆಚೆಗೆ ಸರಿದಿದೆ. ಕಾಯ್‌ಸ್ಟರ್ ನದಿ ಹೊತ್ತು ತಂದ ಹೂಳು ಬಂದರನ್ನು ಮುಚ್ಚುತ್ತಾ ಬಂದಿತು. ನೀರು ಆಳವಾಗಲೆಂದು ಪೆರ್ಗಮಮ್ ರಾಜ್ಯದ ಅರಸ ಅಟ್ಟಾಲಸ್ ಬಂದರಿನ ಬಾಯಿಯನ್ನು ಕಿರಿದಾಗಿಸಿದ್ದರಿಂದ ಹೂಳು ಹೊರಹೋಗದೆ ಪರಿಸ್ಥಿತಿ ಇನ್ನಷ್ಟು ಕೆಟ್ಟಿತೆಂದು ಪ್ರಾಚೀನ ಭೂಗೋಳಕಾರ ಸ್ಟ್ರಾಬೋ ಬರೆದಿದ್ದಾನೆ. ಹಡಗಿನಲ್ಲಿ ಬಂದ ನಿಮ್ಮಂತಹ ಪ್ರಯಾಣಿಕರು ಅಂದು ಇಳಿಯುತ್ತಿದ್ದ ಸ್ಥಳ ಅದೇ. ಆದ್ದರಿಂದ ಆ ಬೀದಿಯ ಬಳಿ ಐದು ನಿಮಿಷ ಹೆಚ್ಚು ನಿಲ್ಲಿ.

ಇನ್ನು ಬಿಡಬೇಕಾದವು. ಬುಲ್ಬುಲ್ ಬೆಟ್ಟದ ಮೇಲಿರುವ, ಕನ್ಯಾ ಮರಿಯಮ್ಮನವರದ್ದೆಂದು ನಂಬಲಾದ ಮನೆಗೆ ಮೂವರು ಪೋಪ್‌ಗಳು ಭೇಟಿ ಕೊಟ್ಟಿದ್ದಾರೆ. ಭಕ್ತಿಯಿಂದ ಹೋಗುವವರು ಖಂಡಿತ ಅಲ್ಲಿಗೆ ಮೊದಲ ಸ್ಥಾನ ಕೊಡಬೇಕು. ಅಂತಹ ಭಾವವಿಲ್ಲದೆ ಪಟ್ಟಿಯಲ್ಲಿದೆ ಎಂಬ ಕಾರಣಕ್ಕೆ ಹೋದರೆ ಬೆಟ್ಟ ಹತ್ತಿ ಇಳಿಯುವುದರಲ್ಲೇ ಹೊತ್ತು ಕಳೆಯುತ್ತದೆ. ಆ ಸಮಯವನ್ನು ಸೆಲ್ಚುಕ್ ಪಟ್ಟಣದ ಎಫೆಸಸ್ ವಸ್ತುಸಂಗ್ರಹಾಲಯಕ್ಕೆ ಕೊಡಿ ಎನ್ನುತ್ತೇನೆ. 1956ರಲ್ಲಿ ಸಿಕ್ಕ ಆರ್ಟೆಮಿಸ್ ದೇವಿಯ ವಿಗ್ರಹಗಳು ಅಲ್ಲಿವೆ, ಕಟ್ಟಡ ತಂಪಾಗಿದೆ, ಹಿರಿಯರಿಗೂ ಸುಲಭ. ಅದರ ಸಮೀಪದಲ್ಲೇ ಜಗತ್ತಿನ ಏಳು ಅದ್ಭುತಗಳಲ್ಲಿ ಒಂದೆನಿಸಿದ್ದ ಆರ್ಟೆಮಿಸ್ ದೇವಾಲಯದ ಸ್ಥಳವಿದೆ. ಹತ್ತು ನಿಮಿಷ ಸಾಕು, ಏಕೆಂದರೆ ಉಳಿದಿರುವುದು ತುಂಡುಗಳನ್ನು ಪೇರಿಸಿ ನಿಲ್ಲಿಸಿದ ಒಂದೇ ಕಂಬ. ಆದರೂ ಅಲ್ಲಿಗೆ ಹೋಗಿ ಎನ್ನುವುದಕ್ಕೆ ಆ ಸ್ಥಳ ಸಿಕ್ಕ ರೀತಿಯೇ ಕಾರಣ. ದೇವಾಲಯ ಎಲ್ಲಿತ್ತೆಂಬುದೇ ಮರೆತುಹೋಗಿದ್ದಾಗ ಜಾನ್ ಟರ್ಟಲ್ ವುಡ್ ಎಂಬ ಇಂಗ್ಲಿಷ್ ಎಂಜಿನಿಯರ್ ವರ್ಷಗಟ್ಟಲೆ ಅಗೆಸಿದನು. ರಂಗಮಂದಿರದಲ್ಲಿ ಸಿಕ್ಕ ಶಾಸನವೊಂದರಲ್ಲಿ ದೇವಿಯ ಉತ್ಸವದ ಮೆರವಣಿಗೆ ಯಾವ ಬಾಗಿಲಿನಿಂದ ಬಂದು ಯಾವ ಬಾಗಿಲಿನಿಂದ ಮರಳುತ್ತದೆಂದು ಬರೆದಿತ್ತು. ಆತ ಆ ಬಾಗಿಲುಗಳಲ್ಲಿ ಒಂದನ್ನು ಹುಡುಕಿ, ಅಲ್ಲಿಂದ ಹೊರಟ ದಾರಿಯನ್ನು ಹಿಡಿದು ಅಗೆಯುತ್ತಾ ಹೋಗಿ, 1869ರ ಕೊನೆಯಲ್ಲಿ ಆಳವಾದ ಹೂಳಿನ ಅಡಿಯಲ್ಲಿ ದೇವಾಲಯದ ನೆಲವನ್ನು ಮುಟ್ಟಿದನು. ರಂಗಮಂದಿರವನ್ನು ನೋಡಿಬಂದ ಮೇಲೆ ಈ ಸ್ಥಳಕ್ಕೆ ಹೋಗುವ ಕ್ರಮ ಇಟ್ಟುಕೊಂಡರೆ ಇದನ್ನು ಗೈಡ್ ಚೆನ್ನಾಗಿ ವಿವರಿಸಬಲ್ಲರು.

ಹಿರಿಯರ ಬಗ್ಗೆ ಎರಡು ಮಾತು. ಬೀದಿಗೆ ಹಾಸಿದ ಅಮೃತಶಿಲೆ ಶತಮಾನಗಳ ತುಳಿತದಿಂದ ನುಣುಪಾಗಿ, ಒಣಗಿದ್ದಾಗಲೂ ಜಾರುತ್ತದೆ. ಹಿಡಿತವಿರುವ ಅಡಿಯ ಬೂಟು ಮತ್ತು ಊರುಗೋಲು ಇರಲಿ. ಚಕ್ರದ ಕುರ್ಚಿಯನ್ನು ಈ ಹಾಸುಗಲ್ಲುಗಳ ಮೇಲೆ ತಳ್ಳುವುದು ಬಹಳ ಕಷ್ಟ. ಬೇಸಿಗೆಯಲ್ಲಿ ನೆರಳು ಬಹಳ ಕಡಿಮೆ, ಬಿಳಿಯ ಕಲ್ಲು ಬಿಸಿಲನ್ನು ಮುಖಕ್ಕೆ ಹೊಡೆಯುತ್ತದೆ. ಟೋಪಿ, ನೀರು, ಮತ್ತು ಒಳಗೆ ಶೌಚಾಲಯವಿಲ್ಲದಿರುವುದರಿಂದ ದ್ವಾರದಲ್ಲೇ ಅದನ್ನು ಮುಗಿಸಿಕೊಳ್ಳುವುದು, ಇವಿಷ್ಟನ್ನು ಮರೆಯಬೇಡಿ.

ನೀವು ಗೈಡ್‌ಗೆ ಬರೆಯುವ ಪತ್ರದಲ್ಲಿ ಹಡಗು ಬರುವ ಮತ್ತು ಹೊರಡುವ ಸ್ಥಳೀಯ ಸಮಯ, ತಂದೆ ತಾಯಿಯ ವಯಸ್ಸು ಮತ್ತು ಎಷ್ಟು ದೂರ ನಡೆಯಬಲ್ಲರು ಎಂಬುದು, ಮೇಲಿನ ದ್ವಾರದಿಂದ ಆರಂಭ, ಟೆರೇಸ್ ಮನೆಗಳು, ಆಮೇಲೆ ದೇವಾಲಯದ ಸ್ಥಳ ಮತ್ತು ವಸ್ತುಸಂಗ್ರಹಾಲಯ, ಅಂಗಡಿ ಬೇಡ ಎಂಬುದು ಇದ್ದರೆ ಸಾಕು. ಇಂತಹ ಪತ್ರಕ್ಕೆ ನಿಮ್ಮ ಕ್ರಮವನ್ನು ತಿದ್ದಿ ಸಲಹೆ ಕೊಡುತ್ತಾ ಉತ್ತರ ಬರೆದವರನ್ನೇ ಆರಿಸಿಕೊಳ್ಳಿ. ಸಿದ್ಧವಾಗಿಟ್ಟ ಪಟ್ಟಿಯನ್ನೇ ಮತ್ತೆ ಕಳುಹಿಸಿದವರನ್ನು ಬಿಡಿ.