ಯಾವ ತಂತ್ರಾಂಶ ಎನ್ನುವುದಕ್ಕಿಂತ ಚಿತ್ರದ ವಿಳಾಸ ನೋಡಿ

ಮಾವನ ಮನೆಯ ಅಟ್ಟದಲ್ಲಿ ಸಿಕ್ಕ ವಿಂಡೋಸ್ 98 ಕಂಪ್ಯೂಟರ್‌ನಲ್ಲಿ ಆ ಕಾಲದಂತೆಯೇ ಜಾಲಪುಟ ಕಟ್ಟಬೇಕು, ಫ್ರಂಟ್‌ಪೇಜ್ ಎಕ್ಸ್‌ಪ್ರೆಸ್, ನೆಟ್‌ಸ್ಕೇಪ್ ಕಂಪೋಸರ್, ಅಡೋಬಿ ಪೇಜ್‌ಮಿಲ್ ಈ ಮೂರು ಪುಟ ಕಟ್ಟುವ ತಂತ್ರಾಂಶಗಳಲ್ಲಿ ಯಾವುದು ಉತ್ತಮ ಎಂದು ಕೇಳಿದ್ದೀರಿ. 1999ರಲ್ಲಿ ದಾವಣಗೆರೆಯಲ್ಲಿ ನಾನೂ ಇದೇ ಪ್ರಶ್ನೆಯನ್ನು ತಲೆಗೆ ಹಚ್ಚಿಕೊಂಡಿದ್ದೆ.

ಆಗ ಕಾಲೇಜಿನಲ್ಲಿದ್ದೆ. ಅಪ್ಪನ ಸ್ನೇಹಿತರೊಬ್ಬರದು ಸೀರೆ ಅಂಗಡಿ. "ಅಮೆರಿಕದಲ್ಲಿರುವ ಅಳಿಯಂದಿರು ಅಲ್ಲಿಂದಲೇ ನಮ್ಮ ಅಂಗಡಿ ನೋಡುವಂತೆ ಮಾಡಿಕೊಡಪ್ಪ" ಎಂದು ಸಾಹುಕಾರರು 500 ರೂಪಾಯಿ ಮುಂಗಡ ಕೊಟ್ಟರು. ಸೀರೆಗಳ ಫೋಟೊ ತೆಗೆಸಿ, ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸಿ ಫ್ಲಾಪಿಗಳಲ್ಲಿ ಮನೆಗೆ ತಂದೆ. ವಿಂಡೋಸ್ ಜೊತೆಗೇ ಬಂದಿದ್ದರಿಂದ ಫ್ರಂಟ್‌ಪೇಜ್ ಎಕ್ಸ್‌ಪ್ರೆಸ್ ಹಿಡಿದೆ. ಕನ್ನಡ ಅಕ್ಷರ ಎದುರಿನವರ ಕಂಪ್ಯೂಟರ್‌ನಲ್ಲಿ ಕಾಣಬೇಕಾದರೆ ಅವರಲ್ಲಿಯೂ ಅದೇ ಫಾಂಟ್ ಇರಬೇಕಾಗಿದ್ದ ಕಾಲ ಅದು. ಹಾಗಾಗಿ ಅಂಗಡಿಯ ಹೆಸರನ್ನೂ ಚಿತ್ರವಾಗಿಯೇ ಮಾಡಿ ಪುಟದ ನೆತ್ತಿಯ ಮೇಲೆ ಕೂರಿಸಿದೆ.

ತಪ್ಪು ಮಾಡಿದ್ದು ಇಲ್ಲಿ. ಪುಟವನ್ನು ಒಮ್ಮೆಯೂ ಉಳಿಸದೆ ಚಿತ್ರಗಳನ್ನು ಸೇರಿಸುತ್ತಾ ಹೋದೆ. ಪುಟದ ಕಡತದೊಳಗೆ ಚಿತ್ರವೇ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸವಷ್ಟೇ ಇರುತ್ತದೆ. ಪುಟಕ್ಕೇ ಇನ್ನೂ ನೆಲೆ ಇಲ್ಲದಿದ್ದಾಗ ಚಿತ್ರ ಅದರಿಂದ ಎಷ್ಟು ದೂರದಲ್ಲಿದೆ ಎಂದು ತಂತ್ರಾಂಶ ಹೇಗೆ ತಾನೆ ಬರೆದೀತು? ನನ್ನ ಹಾರ್ಡ್ ಡಿಸ್ಕಿನ ಪೂರ್ತಿ ವಿಳಾಸವನ್ನೇ, ಸಿ ಡ್ರೈವ್‌ನಿಂದ ಶುರುಮಾಡಿ, ಬರೆದಿಟ್ಟಿತು. ಕೊನೆಗೆ ಉಳಿಸುವಾಗ, ಚಿತ್ರಗಳನ್ನೂ ಜೊತೆಗೆ ಉಳಿಸಬೇಕೇ ಎಂದು ಕೇಳಿತು. ಡಿಸ್ಕಿನಲ್ಲಿ ಆಗಲೇ ಇವೆಯಲ್ಲ, ಎರಡೆರಡು ಪ್ರತಿ ಏಕೆ ಎಂದು ಬೇಡ ಎಂದೆ. ಆಮೇಲೆ ಪುಟವನ್ನೂ ಚಿತ್ರಗಳನ್ನೂ ಸರ್ವರ್‌ಗೆ, ಅಂದರೆ ಪುಟವನ್ನು ಇಂಟರ್‌ನೆಟ್‌ನಲ್ಲಿ ಎಲ್ಲರಿಗೂ ಒದಗಿಸುವ ಕಂಪ್ಯೂಟರ್‌ಗೆ, ಏರಿಸಿದೆ. ಚಿತ್ರಗಳು ಅಲ್ಲಿದ್ದವು, ಆದರೆ ಪುಟ ಅವನ್ನು ಅಲ್ಲಿ ಹುಡುಕುತ್ತಲೇ ಇರಲಿಲ್ಲ.

ಮೋಸ ಹೋದದ್ದು ಇದಕ್ಕಾಗಿ: ಮೋಡೆಮ್ ಹಾಕಿ ಅದೇ ಪುಟವನ್ನು ಇಂಟರ್‌ನೆಟ್‌ನಿಂದ ತೆರೆದರೂ ನನ್ನ ಕಂಪ್ಯೂಟರ್‌ನಲ್ಲಿ ಎಲ್ಲವೂ ಸರಿಯಾಗಿ ಕಾಣುತ್ತಿತ್ತು. ಬ್ರೌಸರ್ ನನ್ನದೇ ಡಿಸ್ಕಿನಿಂದ ಚಿತ್ರ ಎತ್ತಿಕೊಳ್ಳುತ್ತಿತ್ತು. ಸಾಹುಕಾರರನ್ನು ಮನೆಗೇ ಕರೆಸಿ ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ಒಂದೊಂದು ಸೀರೆಯ ಹೆಸರೂ ಹೇಳಿದರು. ಮರುವಾರ ಅಳಿಯನ ಫೋನು ಬಂತು. ಅವರಿಗೆ ಕಂಡದ್ದು ಕೆಂಪು ಅಡ್ಡಗೀಟಿನ ಖಾಲಿ ಚೌಕಗಳು. ಅಂಗಡಿಯ ಹೆಸರಿದ್ದ ಜಾಗದಲ್ಲಿಯೂ ಚೌಕವೇ.

ನೋಟ್‌ಪ್ಯಾಡ್‌ನಲ್ಲಿ ಪುಟ ತೆರೆದು ವಿಳಾಸಗಳನ್ನೆಲ್ಲ ಅಳಿಸಿ ಬರಿಯ ಕಡತದ ಹೆಸರು ಉಳಿಸಲು ಅರ್ಧ ಗಂಟೆಯೂ ಬೇಕಾಗಲಿಲ್ಲ. "ನಿನ್ನ ಮನೆಯಲ್ಲಿ ಇದ್ದದ್ದು ಅಳಿಯಂದಿರ ಮನೆಯಲ್ಲಿ ಏಕಿಲ್ಲ?" ಎಂದು ಕೇಳಿದ ಸಾಹುಕಾರರು ಮಾತ್ರ ಮತ್ತೆ ನೋಡಲು ಬರಲಿಲ್ಲ. ಮುಂಗಡ ಹಿಂದಿರುಗಿಸಿದೆ. ಫೋಟೊ, ಸ್ಕ್ಯಾನಿಂಗ್, ಫೋನ್ ಬಿಲ್ಲು ಅಪ್ಪನ ತಲೆಯ ಮೇಲೆ ಬಿದ್ದವು.

ಹಾಗಾಗಿ ಯಾವುದು ಉತ್ತಮ ಎಂಬ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ತಂತ್ರಾಂಶ ಹೇಗೆ ಕಾಣುತ್ತದೆ ಎಂಬುದನ್ನು ಬಿಡಿ. ಪುಟಕ್ಕೆ ಒಂದು ಫೋಲ್ಡರ್ ಮಾಡಿ, ಖಾಲಿ ಪುಟವನ್ನೇ ಅದರೊಳಗೆ ಉಳಿಸಿ, ಚಿತ್ರಗಳನ್ನು ಅಲ್ಲಿಯೇ ಇಟ್ಟು ಆಮೇಲೆ ಸೇರಿಸಿ. ಕಡತಗಳ ಹೆಸರೆಲ್ಲ ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿರಲಿ. ದೊಡ್ಡಕ್ಷರ, ಚಿಕ್ಕಕ್ಷರ ವಿಂಡೋಸ್‌ಗೆ ಒಂದೇ, ಲಿನಕ್ಸ್ ಸರ್ವರ್‌ಗೆ ಬೇರೆ ಬೇರೆ. ವರ್ಡ್‌ನಲ್ಲಿ ಬರೆದು ಎಚ್‌ಟಿಎಂಎಲ್, ಅಂದರೆ ಜಾಲಪುಟದ ಕಡತ, ಆಗಿ ಉಳಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ, ವರ್ಡ್ ಅದರಲ್ಲಿ ತುಂಬುವ ಬೇಡದ ಸಂಕೇತಗಳ ಕಸ ತೆಗೆಯುವುದರಲ್ಲಿಯೇ ದಿನ ಹೋಗುತ್ತದೆ. ಒತ್ತಾಯ ಮಾಡಿದರೆ ಕಂಪೋಸರ್ ಎನ್ನುತ್ತೇನೆ, ಆದರೆ ಪಕ್ಕದಲ್ಲಿ ನೋಟ್‌ಪ್ಯಾಡ್ ತೆರೆದಿರಲೇಬೇಕು.

ಪುಟ ಮುಗಿದ ದಿನ ಅದನ್ನು ಪಕ್ಕದ ಮನೆಯವರ ಕಂಪ್ಯೂಟರ್‌ನಲ್ಲಿ ತೆರೆದು ನೋಡಿ. ನಾನು ಮನೆ ಹತ್ತಿರದ ಬ್ರೌಸಿಂಗ್ ಸೆಂಟರ್‌ಗೆ ಒಮ್ಮೆ ಹೋಗಿದ್ದರೆ ಸಾಕಿತ್ತು.