ಅಂಗನವಾಡಿಗೆ ಸರದಿ ಇಲ್ಲ, ಎಲ್‌ಕೆಜಿಗೆ ಇದೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಫಿ ಕುಯ್ಲು ಮುಗಿದು ಶಾಲೆಗೆ ಸೇರಿಸುವ ಕಾಲ ಹತ್ತಿರವಾದಂತೆ ಕೊಡಗಿನ ಮೂಲೆಮೂಲೆಯಿಂದ ಪುಟ್ಟ ಮಕ್ಕಳ ದಾಖಲಾತಿಯ ಬಗ್ಗೆ ಪತ್ರಗಳು ಬಂದಿವೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಮೂರು ಬೇರೆ ಬೇರೆ ವ್ಯವಸ್ಥೆಗಳನ್ನು ಅನೇಕರು ಒಂದೇ ಎಂದು ತಿಳಿದಿದ್ದಾರೆ. ಅಂಗನವಾಡಿ ಪ್ರತಿ ಮಗುವಿನ ಹಕ್ಕು. ಸರ್ಕಾರಿ ಶಾಲೆಯ ಎಲ್‌ಕೆಜಿಯಲ್ಲಿ ಇರುವಷ್ಟೇ ಸೀಟು. ಶಿಕ್ಷಣ ಹಕ್ಕು ಕಾಯಿದೆಯಡಿ (ಆರ್‌ಟಿಇ) ಖಾಸಗಿ ಶಾಲೆಯ ಸೀಟು ಲಾಟರಿಯಿಂದ ಬರುತ್ತದೆ. ಯಾವುದರ ಬಾಗಿಲಲ್ಲಿ ನಿಂತಿದ್ದೇವೆ ಎಂಬುದು ಗೊತ್ತಿದ್ದರೆ ಅರ್ಧ ಅಲೆದಾಟ ತಪ್ಪುತ್ತದೆ.

ನಾವು ಪಿರಿಯಾಪಟ್ಟಣ ತಾಲ್ಲೂಕಿನವರು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಸಿದ್ದಾಪುರದ ಹತ್ತಿರ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲುಮನೆ) ಇದ್ದು ಕಾಫಿ ಕುಯ್ಯುತ್ತೇವೆ. ಮೂರೂವರೆ ವರ್ಷದ ಮಗಳನ್ನು ಅಂಗನವಾಡಿಗೆ ಬಿಡಲು ಹೋದರೆ ‘ಮಕ್ಕಳು ಭರ್ತಿ, ನಿಮ್ಮ ರೇಷನ್ ಕಾರ್ಡೂ ಈ ಊರಿನದಲ್ಲ’ ಎಂದರು. ಒಂದು ವರ್ಷದ ಮಗನೂ ಇದ್ದಾನೆ. ಏನು ಮಾಡಬೇಕು? — ಸಿದ್ದಾಪುರದ ಹತ್ತಿರದ ಓದುಗರು

ಅಂಗನವಾಡಿಯಲ್ಲಿ ‘ಭರ್ತಿ’ ಎಂಬ ಮಾತಿಗೆ ಜಾಗವೇ ಇಲ್ಲ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ಆರು ತಿಂಗಳಿಂದ ಆರು ವರ್ಷದವರೆಗಿನ ಪ್ರತಿ ಮಗುವಿಗೂ ಸ್ಥಳೀಯ ಅಂಗನವಾಡಿಯ ಮೂಲಕ ಉಚಿತ ಆಹಾರ ಸಿಗಬೇಕು. ಬಿಪಿಎಲ್ ಎಂಬುದನ್ನು ಅರ್ಹತೆಯ ಅಳತೆಗೋಲಾಗಿ ಬಳಸಬಾರದೆಂದು ಸುಪ್ರೀಂ ಕೋರ್ಟ್ 2004ರ ಅಕ್ಟೋಬರ್ 7ರಂದೇ ಹೇಳಿದೆ. ಹಾಗಾಗಿ ರೇಷನ್ ಕಾರ್ಡ್ ಯಾವ ಬಣ್ಣದ್ದು, ಯಾವ ತಾಲ್ಲೂಕಿನದು ಎಂದು ನೋಡುವ ಅಗತ್ಯವಿಲ್ಲ. ಜಾತಿ, ಆದಾಯದ ಪ್ರಮಾಣಪತ್ರವೂ ಬೇಡ. ಮಗುವಿನ ವಯಸ್ಸು ಸರಿಯಿದ್ದು, ಅದು ಈಗ ಆ ಕೇಂದ್ರದ ವ್ಯಾಪ್ತಿಯಲ್ಲಿ ವಾಸವಿದ್ದರೆ ಸಾಕು.

ತೊಡಕು ಬರುವುದು ಬಹುಪಾಲು ಮೊಬೈಲಿನಲ್ಲಿ. ಕಾರ್ಯಕರ್ತೆ ಪ್ರತಿ ಮಗುವನ್ನೂ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ದಾಖಲಿಸುತ್ತಾರೆ. ನಿಮ್ಮ ಮಗಳ ಹೆಸರು ಊರಿನ ಅಂಗನವಾಡಿಯಲ್ಲಿ ಈಗಾಗಲೇ ಇದ್ದರೆ ಇಲ್ಲಿ ಹೊಸದಾಗಿ ಸೇರಿಸಲು ಹೋದಾಗ ತಡೆಯಾಗುತ್ತದೆ, ಅದಕ್ಕೇ ‘ಹೆಸರು ಬರ್ತಾ ಇಲ್ಲ’ ಎನ್ನುತ್ತಾರೆ. ಹೊಸ ದಾಖಲೆ ಮಾಡುವುದು ಇದಕ್ಕೆ ದಾರಿಯಲ್ಲ. ವಲಸೆ ಹೋದ ಮಗುವನ್ನು ಹಳೆಯ ಕೇಂದ್ರದಿಂದ ಹೊಸ ಕೇಂದ್ರಕ್ಕೆ ವರ್ಗಾಯಿಸುವ ಅವಕಾಶ ಅದೇ ಆ್ಯಪ್‌ನಲ್ಲಿದೆ. ಊರಿನ ಕಾರ್ಯಕರ್ತೆಗೆ ಫೋನ್ ಮಾಡಿ, ಇಲ್ಲಿನವರ ಜೊತೆ ಅವರನ್ನೇ ಮಾತನಾಡಿಸಿ. ಮುಂದಿನ ವರ್ಷ ಹೊರಡುವ ಮೊದಲೇ ಅವರಿಗೆ ತಿಳಿಸಿ ಬನ್ನಿ.

ಕೈಯಲ್ಲಿ ಇರಬೇಕಾದದ್ದು: ತಾಯಿಯ ಆಧಾರ್, ತಾಯಿ ಕಾರ್ಡ್, ಆಧಾರ್‌ಗೆ ಜೋಡಿಸಿದ ನಂಬರಿನ ಫೋನ್. ಮಗುವಿಗೆ ಆಧಾರ್ ಆಗಿಲ್ಲವೆಂದು ವಾಪಸು ಕಳಿಸುವಂತಿಲ್ಲ, ತಾಯಿಯ ಆಧಾರ್ ಮೇಲೆ ಸೌಲಭ್ಯ ಸಿಗುತ್ತದೆ. ತಾಯಿ ಕಾರ್ಡನ್ನು ಊರಲ್ಲಿ ಪೆಟ್ಟಿಗೆಯಲ್ಲಿಟ್ಟು ಬರಬೇಡಿ. ಹುಟ್ಟಿದ ತಾರೀಕು, ಹಾಕಿಸಿದ ಚುಚ್ಚುಮದ್ದು, ತಿಂಗಳ ತೂಕ ಎಲ್ಲವೂ ಅದರಲ್ಲಿರುವುದರಿಂದ ಹೊಸ ಕಾರ್ಯಕರ್ತೆಗೆ ನಿಮ್ಮ ಮಗುವಿನ ಬಗ್ಗೆ ಬೇರೇನೂ ಕೇಳಬೇಕಾಗುವುದಿಲ್ಲ.

ಮಗಳಿಗೆ ಕೇಂದ್ರದಲ್ಲೇ ಬಿಸಿಯೂಟ, ತಿಂಡಿ, ಕ್ಷೀರಭಾಗ್ಯದ ಹಾಲು, ಮೊಟ್ಟೆ ಮತ್ತು ಶಾಲಾಪೂರ್ವ ಶಿಕ್ಷಣ ಸಿಗುತ್ತದೆ. ಆಹಾರ ಕಾಯಿದೆ ಹೇಳುವ ಪೌಷ್ಟಿಕತೆಯ ಮಟ್ಟಕ್ಕೆ ಕಡಿಮೆ ಇರಬಾರದು. ಮಗನಿಗೆ ಮೂರು ತುಂಬುವವರೆಗೆ ಪೌಷ್ಟಿಕ ಆಹಾರವನ್ನು ಮನೆಗೇ ಕೊಡುತ್ತಾರೆ. ಈ ಮನೆಗೆ ಕೊಡುವ ಆಹಾರಕ್ಕೆ ಈಗ ಮುಖ ಗುರುತಿಸುವ ಪದ್ಧತಿ ಬಂದಿದೆ. ಅದರ ಇ-ಕೆವೈಸಿಗೆ (ಆಧಾರ್ ಮೂಲಕ ಗುರುತು ಖಚಿತಪಡಿಸಲು) ಒಟಿಪಿ ಬರುವುದು ಆಧಾರ್‌ನಲ್ಲಿರುವ ನಂಬರಿಗೆ. ಆ ಸಿಮ್ ಎಸೆದು ವರ್ಷಗಳೇ ಆಗಿದ್ದರೆ ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳಿ. ಲೈನ್ ಮನೆ ಹತ್ತಿರ ನೆಟ್‌ವರ್ಕ್ ಸಿಗದಿದ್ದರೆ ಸಿಗುವ ಜಾಗಕ್ಕೆ ಹೋಗಿ ಮುಗಿಸಬೇಕು. ಇದರಲ್ಲಿ ಕಾರ್ಯಕರ್ತೆಯ ತಪ್ಪಿರುವುದಿಲ್ಲ, ಅವರೊಡನೆ ಜಗಳ ಬೇಡ.

ಇಷ್ಟಾದರೂ ಸೇರಿಸದಿದ್ದರೆ ವಲಯ ಮೇಲ್ವಿಚಾರಕಿಗೆ, ಆಮೇಲೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ, ಅಂದರೆ ಸಿಡಿಪಿಒಗೆ, ಬರೆದುಕೊಡಿ. ಪೋಷಣ್ ಸಹಾಯವಾಣಿ 14408. ‘ಸೇರಿಸುವುದಿಲ್ಲ ಎಂದು ಕಾರಣ ಸಹಿತ ಬರೆದುಕೊಡಿ’ ಎಂದು ವಿನಯವಾಗಿ ಕೇಳಿದಾಗಲೇ ಬಹಳ ಸಲ ಕೆಲಸ ಆಗಿಬಿಡುತ್ತದೆ.

ನಮ್ಮ ಗಿರಿಜನ ಹಾಡಿಯಿಂದ ಅಂಗನವಾಡಿಗೆ ಎರಡೂವರೆ ಕಿಲೋಮೀಟರ್. ದಾರಿಯಲ್ಲಿ ಆನೆ ಕಾಟ, ಮಳೆಗಾಲದಲ್ಲಿ ತೋಡು ತುಂಬಿದರೆ ದಾಟುವ ಹಾಗಿಲ್ಲ. ಆರು ವರ್ಷದೊಳಗಿನ 27 ಮಕ್ಕಳಿದ್ದಾರೆ. ನಮಗೇ ಒಂದು ಅಂಗನವಾಡಿ ಕೇಳಬಹುದೇ? — ಮಾಲ್ದಾರೆ ಕಡೆಯ ಓದುಗರು

ಕೇಳಬಹುದು, ಕೇಳಲೇಬೇಕು. ಇದಕ್ಕೆ ಎರಡು ದಾರಿ ಇವೆ, ನಿಮಗೆ ಸರಿಹೊಂದುವುದು ಎರಡನೆಯದು.

ಮೊದಲನೆಯದು ಸುಪ್ರೀಂ ಕೋರ್ಟ್ 2006ರ ಡಿಸೆಂಬರ್ 13ರಂದು ಕೊಟ್ಟ ಆದೇಶ. ಅಂಗನವಾಡಿ ಇಲ್ಲದ ಜನವಸತಿಯಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದರೆ, ಜನ ಬೇಡಿಕೆ ಇಟ್ಟ ಮೂರು ತಿಂಗಳೊಳಗೆ ಕೇಂದ್ರ ತೆರೆಯಬೇಕು. ನಿಮ್ಮಲ್ಲಿರುವುದು 27. ಈ ಆದೇಶವನ್ನೇ ಹಿಡಿದು ಅರ್ಜಿ ಬರೆದರೆ ‘ಸಂಖ್ಯೆ ಸಾಲದು’ ಎಂದು ಒಂದೇ ಸಾಲಿನಲ್ಲಿ ತಿರಸ್ಕರಿಸುತ್ತಾರೆ.

ಎರಡನೆಯದು ಜನಸಂಖ್ಯೆಯ ಮಾನದಂಡ. ಸಾಮಾನ್ಯ ಹಳ್ಳಿಗಳಿಗೆ 400ರಿಂದ 800 ಜನಕ್ಕೆ ಒಂದು ಕೇಂದ್ರ. ಗಿರಿಜನ ಮತ್ತು ಗುಡ್ಡಗಾಡು ಪ್ರದೇಶಕ್ಕೆ ಸಡಿಲಿಕೆ ಇದೆ: 300 ಜನರಿದ್ದರೆ ಪೂರ್ಣ ಕೇಂದ್ರ, 150ರಿಂದ 300 ಇದ್ದರೆ ಮಿನಿ ಅಂಗನವಾಡಿ. ಆರರೊಳಗಿನ ಮಕ್ಕಳೇ 27 ಇರುವ ಹಾಡಿಯಲ್ಲಿ ಒಟ್ಟು ಜನ 150 ದಾಟಿರುವ ಸಾಧ್ಯತೆ ಹೆಚ್ಚು. ಎಣಿಸಿ ನೋಡಿ. ಅಕ್ಕಪಕ್ಕದ ಪೈಸಾರಿ (ಸರ್ಕಾರಿ ಜಾಗದ) ಮನೆಗಳು, ಲೈನ್ ಮನೆಗಳ ಮಕ್ಕಳೂ ಅದೇ ದಾರಿಯಲ್ಲಿ ನಡೆಯುವವರಾದರೆ ಅವರನ್ನೂ ಸೇರಿಸಿಕೊಳ್ಳಿ.

ಅರ್ಜಿಯ ಜೊತೆ ಒಂದು ಪಟ್ಟಿ ಇರಲಿ. ಕ್ರಮ ಸಂಖ್ಯೆ, ಮಗುವಿನ ಹೆಸರು, ಹುಟ್ಟಿದ ದಿನಾಂಕ, ತಾಯಿಯ ಹೆಸರು, ಈಗ ಹೆಸರಿರುವ ಅಂಗನವಾಡಿ, ವಾರಕ್ಕೆ ಎಷ್ಟು ದಿನ ಹೋಗುತ್ತದೆ: ಹೀಗೆ ಆರು ಕಾಲಂ. ಕೊನೆಯದನ್ನು ಅನೇಕರು ಬಿಡುತ್ತಾರೆ, ಬಿಡಬಾರದು. ಆ್ಯಪ್‌ನಲ್ಲಿ ಮಕ್ಕಳ ಹೆಸರು ಇದೆ ಎಂದರೆ ಅಧಿಕಾರಿಗಳ ಲೆಕ್ಕದಲ್ಲಿ ಸೌಲಭ್ಯ ಸಿಗುತ್ತಿದೆ ಎಂದೇ ಅರ್ಥ. ಹೆಸರಿದ್ದರೂ ಮಗುವಿಗೆ ಹೋಗಲಾಗುತ್ತಿಲ್ಲ ಎಂದು ತೋರಿಸುವುದು ಈ ಕಾಲಂ ಮಾತ್ರ. ಒಕ್ಕಣೆ ಚಿಕ್ಕದಿರಲಿ: ‘ನಮ್ಮ ಹಾಡಿಯಲ್ಲಿ ಇಷ್ಟು ಕುಟುಂಬ, ಇಷ್ಟು ಜನ, ಆರು ವರ್ಷದೊಳಗಿನ ಇಷ್ಟು ಮಕ್ಕಳಿದ್ದಾರೆ. ಹತ್ತಿರದ ಕೇಂದ್ರ ಎರಡೂವರೆ ಕಿಲೋಮೀಟರ್ ದೂರದಲ್ಲಿದ್ದು, ದಾರಿ ಆನೆ ಓಡಾಡುವ ಜಾಗ. ಗಿರಿಜನ ಪ್ರದೇಶದ ಮಾನದಂಡದಂತೆ ಅಂಗನವಾಡಿ ಮಂಜೂರು ಮಾಡಬೇಕಾಗಿ ಕೋರುತ್ತೇವೆ.’ ಕೆಳಗೆ ಎಲ್ಲ ತಾಯಂದಿರ ಸಹಿ ಅಥವಾ ಹೆಬ್ಬೆಟ್ಟು.

ಒಂದು ಪ್ರತಿ ಸಿಡಿಪಿಒಗೆ, ಒಂದು ಪಂಚಾಯಿತಿಯ ಪಿಡಿಒಗೆ, ಒಂದು ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಗೆ ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ನಿರ್ಣಯ ಮಾಡಿಸಿ. ಕಟ್ಟಡಕ್ಕೆ ಜಾಗ ಇಲ್ಲವೆಂಬ ಉತ್ತರ ಬಂದೀತು. ಅರಣ್ಯದ ಅಂಚಿನ ಹಾಡಿಗಳಲ್ಲಿ ಜಾಗದ ತಕರಾರು ನಿಜವಾದದ್ದೇ. ಅರಣ್ಯ ಹಕ್ಕು ಕಾಯಿದೆಯ 3(2) ಸೆಕ್ಷನ್ ಅಂಗನವಾಡಿಯಂಥ ಸೌಲಭ್ಯಗಳಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯ ಭೂಮಿ ಬಳಸಲು ಅವಕಾಶ ಕೊಟ್ಟಿದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಬೇಕು. ನಿರ್ಣಯಕ್ಕೆ ಒತ್ತು ಕೊಡುತ್ತಿರುವುದು ಅದಕ್ಕೇ.

ಲೈನ್ ಮನೆಗಳಲ್ಲಿರುವವರಿಗೂ ಒಂದು ಮಾತು. 1951ರ ತೋಟ ಕಾರ್ಮಿಕರ ಕಾಯಿದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿರುವ, ಇಲ್ಲವೇ ಅವರ 20 ಅಥವಾ ಹೆಚ್ಚು ಮಕ್ಕಳಿರುವ ತೋಟದಲ್ಲಿ ಶಿಶುಪಾಲನಾ ಮನೆ ನಡೆಸುವ ಹೊಣೆಯನ್ನು ಮಾಲೀಕರ ಮೇಲೆ ಹಾಕಿತ್ತು. ಆ ಕಾಯಿದೆ ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿದೆ, ಶಿಶುಪಾಲನೆಯ ಹೊಣೆ ಅಲ್ಲೂ ಉಳಿದಿದೆ. ತೋಟದ ಲೆಕ್ಕ ನೋಡುವ ರೈಟರನ್ನು ಕೇಳಿ, ಅಲ್ಲಿ ಆಗದಿದ್ದರೆ ಕಾರ್ಮಿಕ ಇಲಾಖೆಯ ನಿರೀಕ್ಷಕರನ್ನು ಕಾಣಿ.

ಮಗ ಹುಟ್ಟಿದ್ದು 2022ರ ಜುಲೈ 12. ಈ ಜೂನ್‌ಗೆ, ಅಂದರೆ 2026ಕ್ಕೆ ಎಲ್‌ಕೆಜಿಗೆ ಸೇರಿಸಬಹುದೇ? — ಗೋಣಿಕೊಪ್ಪ

ನಿಯಮದಂತೆ ಆಗುವುದಿಲ್ಲ. ಜೂನ್ 1ಕ್ಕೆ ಎಲ್‌ಕೆಜಿಗೆ 4, ಯುಕೆಜಿಗೆ 5, ಒಂದನೇ ತರಗತಿಗೆ 6 ವರ್ಷ ತುಂಬಿರಬೇಕು. ನಿಮ್ಮ ಮಗನಿಗೆ ಆ ದಿನಕ್ಕೆ 3 ವರ್ಷ 10 ತಿಂಗಳು. 2025-26ರಲ್ಲಿ ಒಂದನೇ ತರಗತಿಯ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಿದ್ದು ಆ ಒಂದು ವರ್ಷಕ್ಕೆಂದು. ಅಂಥದ್ದೇ ಮತ್ತೆ ಬಂದೀತೆಂದು ನಂಬಿ ಹೆಜ್ಜೆ ಇಡಬೇಡಿ.

ಯಾವುದೋ ಖಾಸಗಿ ಶಾಲೆ ಈಗಲೇ ಸೇರಿಸಿಕೊಂಡಿತು ಎನ್ನೋಣ. 2028ರ ಜೂನ್‌ನಲ್ಲಿ ಒಂದನೇ ತರಗತಿಯ ಬಾಗಿಲಿಗೆ ಬಂದಾಗ ಅವನಿಗೆ 5 ವರ್ಷ 10 ತಿಂಗಳಾಗಿರುತ್ತದೆ. ಯುಕೆಜಿಯಲ್ಲೇ ಇನ್ನೊಂದು ವರ್ಷ ಕೂರಿಸಬೇಕು, ಫೀಸೂ ಇನ್ನೊಮ್ಮೆ ಕಟ್ಟಬೇಕು. ಜೊತೆಯ ಮಕ್ಕಳೆಲ್ಲ ಮುಂದೆ ಹೋಗಿ ತಾನೊಬ್ಬನೇ ಉಳಿದದ್ದು ಮಗುವಿಗೆ ತಿಳಿಯದೆ ಇರುವುದಿಲ್ಲ. ಈ ವರ್ಷ ಅಂಗನವಾಡಿಗೆ ಕಳಿಸಿ, 2027ಕ್ಕೆ ಎಲ್‌ಕೆಜಿ ಮಾಡಿಸಿ. ಅಂಗನವಾಡಿಯ ‘ಚಿಲಿಪಿಲಿ’ ಪಠ್ಯಕ್ರಮ ಹಾಡು, ಕತೆ, ಆಟದ ಮೂಲಕ ಕಲಿಸುತ್ತದೆ, ಆ ವಯಸ್ಸಿಗೆ ಬೇಕಾದದ್ದೂ ಅದೇ.

ಸರ್ಕಾರಿ ಶಾಲೆಯ ಎಲ್‌ಕೆಜಿಯಲ್ಲಿ ಸೀಟು ಮುಗಿದಿದೆ, ವೇಟಿಂಗ್ ಲಿಸ್ಟಿನಲ್ಲಿ ಬರೆದುಕೊಂಡಿದ್ದೇವೆ ಎಂದಿದ್ದಾರೆ. ಅಂಗನವಾಡಿ ಬಿಡಿಸಿ ಕಾಯಬೇಕೇ? — ಕುಶಾಲನಗರ

ಬಿಡಿಸಬೇಡಿ. ಎಲ್‌ಕೆಜಿಯ ಸೀಟು ಕೈಗೆ ಬಂದ ದಿನ ಅಂಗನವಾಡಿಯಿಂದ ಹೆಸರು ತೆಗೆಸಿದರೆ ಆಯಿತು. ಅಲ್ಲಿಯವರೆಗೆ ಊಟ, ಹಾಲು, ಪಾಠ ಯಾವುದೂ ಮಗುವಿಗೆ ತಪ್ಪಬಾರದು.

ಬಾಯಿಮಾತಿನ ವೇಟಿಂಗ್ ಲಿಸ್ಟಿಗೆ ಬೆಲೆ ಇಲ್ಲ. ಅರ್ಜಿ ಲಿಖಿತವಾಗಿರಲಿ, ಕ್ರಮ ಸಂಖ್ಯೆ ಮತ್ತು ದಿನಾಂಕ ಇರುವ ಸ್ವೀಕೃತಿ ಕೇಳಿ. ಪಟ್ಟಿಯನ್ನು ಯಾವ ಆಧಾರದಲ್ಲಿ ಮಾಡಿದ್ದಾರೆ, ಮೊದಲು ಬಂದವರಿಗೆ ಮೊದಲೋ ಚೀಟಿ ಎತ್ತಿದ್ದೋ ಎಂದು ಮುಖ್ಯ ಶಿಕ್ಷಕರನ್ನು ಕೇಳಿ, ಪಟ್ಟಿಯನ್ನು ಸೂಚನಾ ಫಲಕದಲ್ಲಿ ಹಾಕಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರ ಮೂಲಕ ಕೋರಿ. ಕೊಟ್ಟ ಫೋನ್ ನಂಬರ್ ಮನೆಯಲ್ಲೇ ಇರುವವರದ್ದಾಗಿರಲಿ. ಸೀಟು ತೆರವಾದಾಗ ಫೋನ್ ಸಿಗದೆ ಮುಂದಿನ ಹೆಸರಿಗೆ ಹೋದರೆ ವಾದಿಸಲು ದಾರಿ ಇರುವುದಿಲ್ಲ. ಆರ್‌ಟಿಇ ಹಂಚಿಕೆ ಮುಗಿದ ಮೇಲೆ, ಜೂನ್ ಕೊನೆಯಲ್ಲಿ ಇನ್ನೊಮ್ಮೆ, ನೀವೇ ಹೋಗಿ ವಿಚಾರಿಸಿ. ಮಳೆ ರಜೆಗಳ ಮಧ್ಯೆ ಬಾರದ ಮಕ್ಕಳ ಸೀಟು ಖಾಲಿಯೋ ಅಲ್ಲವೋ ಎಂಬುದು ಆಮೇಲಷ್ಟೇ ತಿಳಿಯುತ್ತದೆ.

ವರ್ಷದ ಆದಾಯ 2.8 ಲಕ್ಷ. ಆರ್‌ಟಿಇಯಲ್ಲಿ ಖಾಸಗಿ ಶಾಲೆ ಸಿಗಬಹುದೇ? — ವಿರಾಜಪೇಟೆ

ಆದಾಯದ ಮಿತಿ 3.5 ಲಕ್ಷ, ಅಲ್ಲಿ ನಿಮಗೆ ತೊಂದರೆ ಇಲ್ಲ. ತೊಂದರೆ ಶಾಲೆಯದ್ದು. 2018ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ ನಿಯಮ ತಿದ್ದಿದ ಮೇಲೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಅನುದಾನರಹಿತ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ನೆರೆಹೊರೆ ಎಂದರೆ ಹಳ್ಳಿಯಲ್ಲಿ ಕಂದಾಯ ಗ್ರಾಮ, ಪಟ್ಟಣದಲ್ಲಿ ವಾರ್ಡು. ಹೈಕೋರ್ಟ್ 2019ರಲ್ಲಿ ಈ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಬಡ ಮಕ್ಕಳಿಗೆ ಇದರಿಂದ ನಷ್ಟವಾಗಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ, ಆದರೆ ಈಗ ನಡೆಯುತ್ತಿರುವ ನಿಯಮ ಇದೇ.

ಹಾಗಾಗಿ ಮೊದಲು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ನಿಮ್ಮ ವಾರ್ಡಿಗೆ ಯಾವುದಾದರೂ ಶಾಲೆ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಮಾತ್ರ ದಾಖಲೆಗೆ ಓಡಾಡಿ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳಿ. ಆಧಾರ್‌ನಲ್ಲಿ ವಿಳಾಸ ಹಳೆಯ ಮನೆಯದಾಗಿದ್ದರೆ ಅರ್ಜಿ ಹಾಕುವ ಮೊದಲೇ ಬದಲಿಸಿ, ಆಯ್ಕೆ ನಡೆಯುವುದು ಆ ವಿಳಾಸದ ಮೇಲೆ. ಮಗುವಿನ ಹೆಸರು, ಇನಿಷಿಯಲ್ ಎಲ್ಲ ದಾಖಲೆಯಲ್ಲೂ ಒಂದೇ ಇರಲಿ. ಇಲ್ಲಿ ವೇಟಿಂಗ್ ಲಿಸ್ಟ್ ಇಲ್ಲ, ಉಳಿದ ಸೀಟು ಮುಂದಿನ ಸುತ್ತಿನ ಲಾಟರಿಗೆ ಹೋಗುತ್ತದೆ. ‘ಸೀಟು ಕೊಡಿಸುತ್ತೇನೆ’ ಎಂದು ದುಡ್ಡು ಕೇಳುವವರನ್ನು ಹತ್ತಿರ ಸೇರಿಸಬೇಡಿ.

ಮನೆಯಲ್ಲೇ ಹುಟ್ಟಿದ ಮಗು, ಜನನ ಪ್ರಮಾಣಪತ್ರ ಇಲ್ಲ. — ತಿತಿಮತಿ

ಅಂಗನವಾಡಿಗೆ ಇವತ್ತೇ ಕಳಿಸಿ, ಅದಕ್ಕಾಗಿ ಪ್ರಮಾಣಪತ್ರಕ್ಕೆ ಕಾಯಬೇಕಿಲ್ಲ. ಆದರೆ ಅದನ್ನು ಮಾಡಿಸುವುದನ್ನು ಮುಂದೂಡಬೇಡಿ. 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದ ಮಕ್ಕಳ ಶಾಲಾ ದಾಖಲಾತಿಗೆ ಹುಟ್ಟಿದ ದಿನಾಂಕ ತೋರಿಸುವ ದಾಖಲೆ ಅದೇ. ಹುಟ್ಟಿದ 21 ದಿನದೊಳಗೆ ಉಚಿತ. 30 ದಿನದವರೆಗೆ ತಡದ ಶುಲ್ಕ ಇದೆ. ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ದಾಟಿದ್ದರೆ ಉಪವಿಭಾಗಾಧಿಕಾರಿಯಂಥ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ತಾಯಿ ಕಾರ್ಡ್, ಆಶಾ ಕಾರ್ಯಕರ್ತೆಯ ದಾಖಲೆ, ಚುಚ್ಚುಮದ್ದಿನ ವಿವರ ಇವು ಪುರಾವೆಯಾಗಿ ನೆರವಾಗುತ್ತವೆ.

ಮಗಳಿಗೆ ಮಾತು ಬರುವುದಿಲ್ಲ, ಇನ್ನೂ ಚಡ್ಡಿಯಲ್ಲೇ ಮಾಡಿಕೊಳ್ಳುತ್ತಾಳೆ. ಅಂಗನವಾಡಿಯವರು ‘ದೊಡ್ಡವಳಾಗಲಿ’ ಎನ್ನುತ್ತಾರೆ. — ಶನಿವಾರಸಂತೆ

ನಿಮ್ಮ ಮಗಳು ಅಲ್ಲಿಗೆ ಹೋಗಲೇಬೇಕಾದ ಮಗು. ವಿಶೇಷ ಚೇತನ ಮಕ್ಕಳನ್ನು ಅಂಗನವಾಡಿಯಲ್ಲೇ ಗುರುತಿಸಿ ಸೇರಿಸಿಕೊಳ್ಳಲು ಕೇಂದ್ರ ಸರ್ಕಾರ 2023ರ ನವೆಂಬರಿನಲ್ಲಿ ಪ್ರತ್ಯೇಕ ಕಾರ್ಯವಿಧಾನವನ್ನೇ ಹೊರಡಿಸಿದೆ. ಸಿಡಿಪಿಒಗೆ ಅದನ್ನು ಉಲ್ಲೇಖಿಸಿ ಬರೆಯಿರಿ. ಮೊದಲ ಕೆಲವು ದಿನ ಎರಡು ಜೊತೆ ಬಟ್ಟೆ ಕೊಟ್ಟು, ಒಂದೆರಡು ಗಂಟೆ ನೀವೂ ಜೊತೆಗಿರಿ, ಸಹಾಯಕಿಗೆ ಅವಳ ಸನ್ನೆಗಳನ್ನು ತೋರಿಸಿಕೊಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಮಗಳ ಕಿವಿ ಪರೀಕ್ಷೆಯನ್ನು ಅವರಿಂದಲೇ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಬರೆಸಿಕೊಳ್ಳಿ. ಮಾತು ಬಾರದಿರಲು ಕಿವಿ ಕೇಳಿಸದಿರುವುದೇ ಕಾರಣವಾಗಿದ್ದರೆ ಒಂದೊಂದು ತಿಂಗಳೂ ಮುಖ್ಯ, ಮುಂದಿನ ತಂಡ ಬರುವವರೆಗೆ ಕಾಯದೆ ಈ ವಾರವೇ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ.