ನಿಂತಾಗ ಮಾತ್ರ ಕಾಯುವ ಎಂಜಿನ್

ಪ್ರಶ್ನೆ: ಮಾನ್ಯರೇ, ಹದಿನಾಲ್ಕು ವರ್ಷ ಹಳೆಯದಾದ ಪೆಟ್ರೋಲ್ ಕಾರೊಂದನ್ನು ಇತ್ತೀಚೆಗೆ ಕೊಂಡಿದ್ದೇನೆ. ಹೆದ್ದಾರಿಯಲ್ಲಿ ಓಡುವಾಗ ಟೆಂಪರೇಚರ್ ಮುಳ್ಳು ಮಧ್ಯದಲ್ಲೇ ಇರುತ್ತದೆ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಕೆಂಪು ಗೆರೆಯತ್ತ ಏರತೊಡಗುತ್ತದೆ, ಎ.ಸಿ. ಹಾಕಿದರೆ ಇನ್ನೂ ಬೇಗ. ರೇಡಿಯೇಟರ್ ಫ್ಯಾನ್ ತಿರುಗಿದ್ದನ್ನು ನಾನು ಕಂಡೇ ಇಲ್ಲ. ಮೆಕ್ಯಾನಿಕ್ ಒಬ್ಬರು ಬಿಸಿ ಅಳೆಯುವ ಸೆನ್ಸರ್ ಬದಲಿಸಿದರೂ ಪ್ರಯೋಜನವಾಗಲಿಲ್ಲ. ಈಗ ಫ್ಯಾನಿಗೆ ಬ್ಯಾಟರಿಯಿಂದ ನೇರವಾಗಿ ಒಂದು ಸ್ವಿಚ್ ಕೊಡೋಣ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ಸದ್ಯಕ್ಕೆ ಒಪ್ಪಬೇಡಿ. ಕಾರು ವೇಗವಾಗಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣಿಸುತ್ತದೆ, ಆಗ ಫ್ಯಾನಿನ ಅಗತ್ಯ ಬಹುತೇಕ ಇರುವುದಿಲ್ಲ; ನಿಂತಾಗ ಅಥವಾ ತೆವಳುವಾಗ ಮಾತ್ರ ಆ ಕೆಲಸ ಫ್ಯಾನಿನ ಪಾಲಿಗೆ ಬರುತ್ತದೆ. ಥರ್ಮೋಸ್ಟಾಟ್ (ಎಂಜಿನ್ ಕಾದಾಗ ತೆರೆದು ದ್ರವವನ್ನು ರೇಡಿಯೇಟರಿಗೆ ಬಿಡುವ ಕವಾಟ) ಮುಚ್ಚಿಕೊಂಡೇ ಉಳಿದಿದ್ದರೆ, ರೇಡಿಯೇಟರ್ ಒಳಗೆ ಕಟ್ಟಿಕೊಂಡಿದ್ದರೆ ಅಥವಾ ವಾಟರ್ ಪಂಪ್ ಸೋತಿದ್ದರೆ ನಿಮ್ಮ ಮುಳ್ಳು ಹೆದ್ದಾರಿಯಲ್ಲೂ, ಅದರಲ್ಲೂ ಏರುದಾರಿಯಲ್ಲಿ, ಮೇಲೇರುತ್ತಿತ್ತು. ಹಾಗಾಗುತ್ತಿಲ್ಲವಾದ್ದರಿಂದ ಸಂಶಯ ಫ್ಯಾನಿನ ಮೇಲೆಯೇ ನಿಲ್ಲುತ್ತದೆ. ಇನ್ನು ತಿಳಿಯಬೇಕಾದದ್ದು ಒಂದೇ: ಫ್ಯಾನಿಗೆ ತಿರುಗಬೇಕೆಂಬ ಆಜ್ಞೆ ಬರುತ್ತಿಲ್ಲವೋ, ಆಜ್ಞೆ ಬಂದರೂ ತಿರುಗುವ ಶಕ್ತಿ ಅದಕ್ಕಿಲ್ಲವೋ? ಇದನ್ನು ನಿರ್ಧರಿಸುವ ಮೊದಲೇ ಸೆನ್ಸರ್ ಬದಲಿಸಿದ್ದು ಊಹೆಯ ರಿಪೇರಿ.

ಮೊದಲು ಎಂಜಿನ್ ಪೂರ್ತಿ ತಣ್ಣಗಿರುವಾಗ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ದ್ರವದ, ಮಟ್ಟ ನೋಡಿ. ಕೂಲೆಂಟ್ ಕಡಿಮೆಯಾಗಿ ಸೆನ್ಸರ್ ಇರುವೆಡೆ ಗಾಳಿ ತುಂಬಿಕೊಂಡರೆ ಅದಕ್ಕೆ ನಿಜವಾದ ಬಿಸಿ ತಾಗುವುದಿಲ್ಲ, ಫ್ಯಾನಿಗೆ ಆಜ್ಞೆಯೂ ಹೋಗುವುದಿಲ್ಲ. ಬಿಸಿ ಇರುವಾಗ ಮುಚ್ಚಳವನ್ನು ಮಾತ್ರ ಎಂದೂ ತೆರೆಯಬೇಡಿ; ಒಳಗಿನ ಒತ್ತಡದಿಂದಾಗಿ 100 ಡಿಗ್ರಿ ಸೆಲ್ಸಿಯಸ್ ದಾಟಿಯೂ ಕುದಿಯದೆ ಇರುವ ದ್ರವ, ಮುಚ್ಚಳ ಸಡಿಲವಾದ ಕ್ಷಣವೇ ಕುದಿದು ಮೈಮೇಲೆ ಚಿಮ್ಮುತ್ತದೆ.

ಮಟ್ಟ ಸರಿಯಿದ್ದರೆ, ಕಾರನ್ನು ನಿಲ್ಲಿಸಿಕೊಂಡೇ ಎಂಜಿನ್ ಚಾಲೂ ಮಾಡಿ ಎ.ಸಿ. ಹಾಕಿ. ಹೆಚ್ಚಿನ ಕಾರುಗಳಲ್ಲಿ ಎ.ಸಿ. ಕಂಪ್ರೆಸರ್ ಕೆಲಸ ಆರಂಭಿಸಿದೊಡನೆ, ಎಂಜಿನ್ ತಣ್ಣಗಿದ್ದರೂ, ಫ್ಯಾನ್ ತಿರುಗಬೇಕು. ಎ.ಸಿ. ಹಾಕಿದಾಗ ತಿರುಗಿ, ಎಂಜಿನ್ ಕಾದಾಗ ಮಾತ್ರ ತಿರುಗದಿದ್ದರೆ ಸೆನ್ಸರ್ ಅಥವಾ ಅದರ ವೈರನ್ನು ಸಂಶಯಿಸುವುದು ನ್ಯಾಯ. ಎರಡೂ ಸಂದರ್ಭಗಳಲ್ಲಿ ತಿರುಗದಿದ್ದರೆ ಎರಡಕ್ಕೂ ಸಾಮಾನ್ಯವಾದ ಭಾಗಗಳಲ್ಲಿ, ಅಂದರೆ ಫ್ಯೂಸ್, ರಿಲೇ (ಸಣ್ಣ ಕರೆಂಟಿನ ಆಜ್ಞೆಯಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಮೋಟಾರ್ ಮತ್ತು ಅರ್ತ್ ವೈರಿನಲ್ಲಿ, ದೋಷ ಹುಡುಕಬೇಕು. ನಿಮ್ಮದು ಈ ಎರಡನೆಯ ಬಗೆಯೆಂದು ನನ್ನ ಅಂದಾಜು. ಆದರೆ ಕೆಲವು ಕಾರುಗಳಲ್ಲಿ ಎ.ಸಿ.ಗೆ ಪ್ರತ್ಯೇಕ ಫ್ಯಾನ್ ಇರುತ್ತದೆ. ಗ್ಯಾಸ್ ಖಾಲಿಯಾಗಿ ಕಂಪ್ರೆಸರ್ ಹಿಡಿಯದಿದ್ದರೂ ಈ ಪರೀಕ್ಷೆ ದಾರಿ ತಪ್ಪಿಸುತ್ತದೆ.

ಮುಂದಿನ ಹೆಜ್ಜೆ ಮೋಟಾರಿನದು. ಅದರ ಕನೆಕ್ಟರ್ ಬಿಚ್ಚಿ, ನಡುವೆ ಫ್ಯೂಸ್ ಇರುವ ದಪ್ಪ ವೈರುಗಳಿಂದ ಬ್ಯಾಟರಿಯ ವಿದ್ಯುತ್ತನ್ನು ನೇರವಾಗಿ ಕೊಡಿಸಿ. ಧನ, ಋಣ ಅದಲುಬದಲಾಗದಿರಲಿ, ಕೈ ಮತ್ತು ಬಟ್ಟೆ ರೆಕ್ಕೆಗಳಿಂದ ದೂರವಿರಲಿ. ಫ್ಯಾನ್ ಜೋರಾಗಿ, ಗರಗರ ಸದ್ದಿಲ್ಲದೆ ತಿರುಗಿದರೆ ಮೋಟಾರ್ ನಿರ್ದೋಷಿ. ಮೋಟಾರಿನ ಹಿಂಬದಿಗೆ ಮೆಲ್ಲಗೆ ತಟ್ಟಿದಾಗ ಮಾತ್ರ ತಿರುಗತೊಡಗಿದರೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಒಳಗಿನ ಕಾರ್ಬನ್ ಬ್ರಷ್ ಸವೆದಿದೆಯೆಂದೇ ತಿಳಿಯಬಹುದು. ತಟ್ಟಿಕೊಂಡು ಕೆಲವು ದಿನ ಓಡಿಸಬಹುದಾದರೂ ಅದು ಕೈಕೊಡುವುದು ಟ್ರಾಫಿಕ್‌ನ ನಡುವೆಯೇ.

ಮೋಟಾರ್ ಸರಿಯಿದ್ದರೆ ಫ್ಯೂಸ್ ಮತ್ತು ರಿಲೇ ನೋಡಿಸಿ. ಅದೇ ಫ್ಯೂಸ್ ಪೆಟ್ಟಿಗೆಯಲ್ಲಿ ಹಾರ್ನ್ ಮುಂತಾದವಕ್ಕೆ ಅದೇ ನಮೂನೆಯ ರಿಲೇ ಇದ್ದರೆ ಅದನ್ನು ಕೂಡಿಸಿ ನೋಡುವುದು ಅತಿ ಸುಲಭದ ಪರೀಕ್ಷೆ. ರಿಲೇ ‘ಟಿಕ್’ ಎಂದ ಮಾತ್ರಕ್ಕೆ ಅದು ಸರಿಯಿದೆ ಎನ್ನಲಾಗದು, ಏಕೆಂದರೆ ಸದ್ದು ಬರುವುದು ಒಳಗಿನ ಕಾಯಿಲಿನ (ತಂತಿ ಸುರುಳಿಯ) ಎಳೆತದಿಂದ. ಸುಟ್ಟ ಕಾಂಟ್ಯಾಕ್ಟ್‌ಗಳು ಕೂಡಿದಾಗಲೂ ಸದ್ದು ಬರುತ್ತದೆ, ಕರೆಂಟ್ ಹರಿಯುವುದಿಲ್ಲ. ಮಲ್ಟಿಮೀಟರ್ ಕೂಡ ಇಲ್ಲಿ ಮೋಸ ಮಾಡುವುದುಂಟು. ಹಲವು ಎಳೆಗಳು ತುಂಡಾಗಿ ಒಂದೇ ಎಳೆ ಉಳಿದ ವೈರಿನ ತುದಿಯಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಆದರೆ ಫ್ಯಾನಿಗೆ ಬೇಕಾಗುವ ಹತ್ತಿಪ್ಪತ್ತು ಆಂಪಿಯರ್ ಆ ಎಳೆಯಲ್ಲಿ ಹರಿಯದು. ಆದ್ದರಿಂದ ಕನೆಕ್ಟರಿಗೆ 55 ವಾಟ್‌ನ ಹೆಡ್‌ಲೈಟ್ ಬಲ್ಬ್ ಜೋಡಿಸಿ ಅದು ಪೂರ್ಣ ಪ್ರಕಾಶದಲ್ಲಿ ಉರಿಯುತ್ತದೆಯೇ ಎಂದು ನೋಡುವುದೇ ಹೆಚ್ಚು ನಂಬಲರ್ಹ. ಬಲ್ಬ್ ಮಂಕಾಗಿ ಉರಿದರೆ ಅರ್ತ್ ವೈರು ಕಾರಿನ ಲೋಹದ ಮೈಗೆ ಕೂಡುವ ಜಾಗದ ತುಕ್ಕನ್ನು ಮೊದಲು ಉಜ್ಜಿಸಿ.

ಕೈಬದಲಾದ ಕಾರಾದ್ದರಿಂದ ಹಿಂದಿನವರ ಕೈಚಳಕವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 30 ಆಂಪಿಯರ್ ಇರಬೇಕಾದಲ್ಲಿ ಅದಕ್ಕಿಂತ ದೊಡ್ಡ ಫ್ಯೂಸ್ ಇದ್ದರೆ, ಕನೆಕ್ಟರಿನ ಪ್ಲಾಸ್ಟಿಕ್ ಕಂದುಗಟ್ಟಿದ್ದರೆ, ಮೋಟಾರ್ ಹೆಚ್ಚು ಕರೆಂಟ್ ಎಳೆಯುತ್ತಿದ್ದುದನ್ನು ಯಾರೋ ಮುಚ್ಚಿಟ್ಟಿದ್ದಾರೆ ಎಂದರ್ಥ. ಹಿಂದೆ ಮೋಟಾರ್ ಬದಲಿಸಿದಾಗ ವೈರುಗಳನ್ನು ತಿರುವುಮುರುವಾಗಿ ಜೋಡಿಸಿ, ಫ್ಯಾನ್ ಗಾಳಿಯನ್ನು ಹಿಮ್ಮುಖವಾಗಿ ತಳ್ಳುತ್ತಿರುವ ಕಾರುಗಳೂ ಇವೆ. ರಿಪೇರಿಯ ನಂತರ ಮುಂಭಾಗದ ಜಾಲರಿಗೆ ಒಂದು ಹಾಳೆ ಹಿಡಿದರೆ ಅದು ಒಳಕ್ಕೆ ಅಂಟಿಕೊಳ್ಳಬೇಕು.

ಇನ್ನು ನೇರ ಸ್ವಿಚ್‌ನ ಮಾತು. ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚು ಫ್ಯಾನಿನ ಇಡೀ ಕರೆಂಟನ್ನು ತಾಳದೆ ಕರಗಬಹುದು, ಹಾಕಲು ಮರೆತರೆ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗ ಮತ್ತು ಒಡಲಿನ ನಡುವಿನ ಸೀಲ್) ಹೋಗಬಹುದು; ಮೇಲಾಗಿ, ಮೋಟಾರೇ ಕೆಟ್ಟಿದ್ದರೆ ಸ್ವಿಚ್ಚಿನಿಂದ ಏನೂ ಆಗದು. ಫ್ಯಾನ್ ಸರಿಯಾಗುವವರೆಗೆ ಟ್ರಾಫಿಕ್‌ನಲ್ಲಿ ಮುಳ್ಳು ಏರತೊಡಗಿದರೆ ಎ.ಸಿ. ಆರಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಬ್ಲೋವರ್ ಜೋರು ಮಾಡಿ. ಒಳಗೆ ಸೆಕೆಯಾದರೂ ಎಂಜಿನ್ನಿನ ಒಂದಿಷ್ಟು ಶಾಖ ಆ ದಾರಿಯಲ್ಲಿ ಹೊರಬೀಳುತ್ತದೆ. ಕೆಂಪು ಮುಟ್ಟಿದರೆ ಬದಿಗೆ ನಿಲ್ಲಿಸಿ ಎಂಜಿನ್ ಆರಿಸುವುದೇ ಸರಿ.

ಪ್ರಶ್ನೆ: ನನ್ನ ಹಳೆಯ ಕಾರಿನದು ತದ್ವಿರುದ್ಧ ತೊಂದರೆ. ಕೀಲಿ ತೆಗೆದ ಮೇಲೂ ಫ್ಯಾನ್ ತಿರುಗುತ್ತಲೇ ಇದ್ದು, ಬೆಳಗಾಗುವಷ್ಟರಲ್ಲಿ ಬ್ಯಾಟರಿ ಖಾಲಿಯಾಗಿರುತ್ತದೆ. ಕಾರಣವೇನು?

ಉತ್ತರ: ಎಂಜಿನ್ ಆರಿಸಿದ ಮೇಲೆ ಕೆಲವು ನಿಮಿಷ ಫ್ಯಾನ್ ತಿರುಗುವುದು ಹಲವು ಕಾರುಗಳಲ್ಲಿ ಸಹಜ, ರಾತ್ರಿಯಿಡೀ ತಿರುಗುವುದು ಸಹಜವಲ್ಲ. ಫ್ಯಾನ್ ತಿರುಗುತ್ತಿರುವಾಗಲೇ ಅದರ ರಿಲೇಯನ್ನು ಕಿತ್ತು ನೋಡಿ. ಆಗಲೂ ನಿಲ್ಲದಿದ್ದರೆ ಯಾರೋ ಬ್ಯಾಟರಿಯಿಂದ ನೇರವಾಗಿ ವೈರು ಎಳೆದಿದ್ದಾರೆ, ಅದನ್ನು ಪತ್ತೆಹಚ್ಚಿ ತೆಗೆಸಿ. ನಿಂತರೆ ಹೊಸ ರಿಲೇ ಕೂಡಿಸಿ: ದೋಷ ಹೋದರೆ ಹಳೆಯದರ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿದ್ದವು, ಹೋಗದಿದ್ದರೆ ಬಿಸಿಗೆ ತಕ್ಕಂತೆ ಫ್ಯಾನಿಗೆ ಆಜ್ಞೆ ಕೊಡುವ ಥರ್ಮೋ ಸ್ವಿಚ್ ಅಥವಾ ಅದರ ವೈರಿಂಗ್ ಶಾರ್ಟ್ ಆಗಿರಬಹುದು. ರಿಪೇರಿಯಾಗುವವರೆಗೆ ರಾತ್ರಿ ರಿಲೇ ತೆಗೆದಿಟ್ಟು, ಬೆಳಿಗ್ಗೆ ಹೊರಡುವ ಮೊದಲು ಮರೆಯದೆ ಕೂಡಿಸಿಕೊಳ್ಳಿ.